ಬಾಕಿ ಉಳಿಸಿಹೋದ ಚಿತ್ರಗಳು

ನಲವತ್ತು ಐವತ್ತು ವರ್ಷ ಹಳೆಯ ಒಂದು ಚಿತ್ರ ಟಿ.ವಿ.ಯಲ್ಲಿ ಬಂದರೆ ಮನೆಯವರೆಲ್ಲ ಕೆಲಸ ಬಿಟ್ಟು ಕೂರುತ್ತಾರೆ, ಕಳೆದ ವರ್ಷ ಕೋಟಿಗಟ್ಟಲೆ ಸುರಿದು ತೆಗೆದ ಚಿತ್ರದ ಹೆಸರು ಈ ವರ್ಷ ಯಾರಿಗೂ ನೆನಪಿರುವುದಿಲ್ಲ. ಯಾಕೆ ಹೀಗೆ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಗೊತ್ತಿದ್ದದ್ದೇ. ಆ ಕಾಲದ ನಟರು ಹಾಗಿದ್ದರು, ಹಾಡುಗಳು ಹಾಗಿದ್ದವು, ಹಳೆಯದೆಲ್ಲ ಮನುಷ್ಯನಿಗೆ ಚೆಂದ ಎನ್ನುತ್ತಾರೆ. ಮದುವೆಮನೆಯ ಚಪ್ಪರದಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ನಾನು ಇದನ್ನು ಬೇಕಾದಷ್ಟು ಕೇಳಿದ್ದೇನೆ. ಯಾವುದೂ ನನಗೆ ಸರಿಬಂದಿಲ್ಲ.

ನಟರ ಮಾತನ್ನೇ ನೋಡಿ. ಡಾ. ರಾಜ್‌ಕುಮಾರ್ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದ್ದಾರೆ. ಅವುಗಳಲ್ಲಿ ಇಂದು ನಾವು ಮೊದಲಿನಿಂದ ಕೊನೆಯವರೆಗೆ ಕೂತು ನೋಡುವುದು ಎಷ್ಟನ್ನು? ನಟ ಒಬ್ಬರೇ, ಕಂಠ ಅದೇ, ಆದರೆ ಕೆಲವು ಉಳಿದವು, ಹಲವು ಹೋದವು. ಹಾಡಿನ ಮಾತಿಗೂ ಇದೇ ಉತ್ತರ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ನಮ್ಮ ಕಡೆಯ ಅಡುಗೆಮನೆಗಳಲ್ಲಿ ಎಷ್ಟು ಚಿತ್ರಗೀತೆಗಳು ಕೇಳಿಬಂದಿಲ್ಲ! ಆ ಹಾಡುಗಳು ನಾಲಗೆಯ ಮೇಲಿವೆ, ಚಿತ್ರಗಳ ಕಥೆ ಕೇಳಿದರೆ ಯಾರಿಗೂ ಗೊತ್ತಿಲ್ಲ. ಹಾಡು ತಾನು ಬದುಕುತ್ತದೆ, ಚಿತ್ರವನ್ನು ಬದುಕಿಸುವುದಿಲ್ಲ. ಇನ್ನು ಹಳೆಯ ನೆನಪಿನ ಮಾತು. ನಾನು ಹುಟ್ಟುವ ಮೊದಲೇ ಬಂದ ಚಿತ್ರಗಳ ಬಗ್ಗೆ ನನಗೆ ಯಾವ ಹಳೆಯ ನೆನಪು? ನನ್ನ ಮಗಳಿಗಂತೂ ಅದನ್ನು ಹೇಳುವಂತೆಯೇ ಇಲ್ಲ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಗಡಿನಾಡಿನವರಾದ ನಮಗೊಂದು ಅನುಕೂಲವಿದೆ. ಮನೆಯಲ್ಲಿ ತುಳುವೋ ಕನ್ನಡವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆದವರು ನಾವು. ದೂರದರ್ಶನದಲ್ಲಿ ಭಾನುವಾರ ಮಲಯಾಳ ಚಿತ್ರ ಬರುತ್ತಿತ್ತು. ಕನ್ನಡ ಚಿತ್ರ ಬೇಕಾದರೆ ಬಾಡಿಗೆಗೆ ವಿ.ಸಿ.ಆರ್. ತಂದು ಅಂಗಳದಲ್ಲಿಟ್ಟು, ಒಂದೇ ರಾತ್ರಿಯಲ್ಲಿ ಮೂರು ಚಿತ್ರ ನೋಡುತ್ತಿದ್ದೆವು. ಮೂರನೆಯದರ ಹೊತ್ತಿಗೆ ಮಕ್ಕಳೆಲ್ಲ ಚಾಪೆಯ ಮೇಲೆ ನಿದ್ದೆ. 1993ರಲ್ಲಿ ಏಷ್ಯಾನೆಟ್, ಮರುವರ್ಷ ಉದಯ ಟಿ.ವಿ. ಬಂದ ಮೇಲೆ ಎರಡೂ ಭಾಷೆಯ ಚಿತ್ರಗಳು ಒಂದೇ ಪೆಟ್ಟಿಗೆಯೊಳಗೆ ಬಂದವು. ಹಾಗಾಗಿ 'ಇದು ನಮ್ಮ ಭಾಷೆಯದು, ಆದ್ದರಿಂದ ಪ್ರೀತಿ' ಎಂಬ ವಾದ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. 'ಬಂಗಾರದ ಮನುಷ್ಯ'ಕ್ಕೆ ಅತ್ತ ನಮ್ಮ ಅತ್ತೆಯವರೇ 'ಚೆಮ್ಮೀನ್'ಗೂ ಅತ್ತಿದ್ದಾರೆ. ಅವರಿಗೆ ಮಲಯಾಳ ಓದಲು ಈಗಲೂ ಬಾರದು.

ನಾನು ವಿಮರ್ಶಕಿಯಲ್ಲ. ಬಿ.ಎ. ಮುಗಿಸಿ ಬ್ಯಾಂಕಿಗೆ ಸೇರಿದವಳು, ಇಪ್ಪತ್ತು ವರ್ಷದಿಂದ ಗುಮಾಸ್ತೆ. ದಿನವಿಡೀ ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನೇ ನೋಡುವ ಕೆಲಸ. ಅದರಿಂದಲೋ ಏನೋ, ಈ ಚಿತ್ರಗಳನ್ನು ಮತ್ತೆ ಮತ್ತೆ ನೋಡುವಾಗ ನನ್ನ ಕಣ್ಣಿಗೆ ಬಿದ್ದದ್ದು ಪ್ರೇಮವಲ್ಲ, ತ್ಯಾಗವೂ ಅಲ್ಲ, ಸಾಲ. ಉಳಿದುಕೊಂಡ ಚಿತ್ರಗಳಲ್ಲಿ ಒಂದು ಸಾಲ ಇರುತ್ತದೆ, ಅದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ, ತೀರಿಸಬೇಕಾದವನು ತೀರಿಸಬೇಕಾದ ಹೊತ್ತಿನಲ್ಲಿ ತೀರಿಸುವುದಿಲ್ಲ. ಚಿತ್ರ ಮುಗಿಯುತ್ತದೆ, ಬಾಕಿ ಮುಗಿಯುವುದಿಲ್ಲ. ಅದನ್ನು ನೋಡಿದವರು ಮನೆಗೆ ಹೊತ್ತುಕೊಂಡು ಬರುತ್ತಾರೆ.

'ಚೆಮ್ಮೀನ್' ಎಂದ ಕೂಡಲೇ ಎಲ್ಲರೂ ಕಡಲಮ್ಮನ ನಂಬಿಕೆಯ ಬಗ್ಗೆ ಹೇಳುತ್ತಾರೆ. ಗಂಡ ಕಡಲಿಗೆ ಹೋದಾಗ ದಡದಲ್ಲಿರುವ ಹೆಂಡತಿಯ ಶೀಲವೇ ಅವನಿಗೆ ಕಾವಲು ಎಂಬ ನಂಬಿಕೆ. ತಗಳಿ ಶಿವಶಂಕರ ಪಿಳ್ಳೆಯವರ 1956ರ ಕಾದಂಬರಿಯನ್ನು ರಾಮು ಕಾರ್ಯಾಟ್ 1965ರಲ್ಲಿ ತೆರೆಗೆ ತಂದರು. ದಕ್ಷಿಣ ಭಾರತದ ಚಿತ್ರವೊಂದಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ ಬಂದದ್ದು ಅದೇ ಮೊದಲು. ಮಾರ್ಕಸ್ ಬಾರ್ಟ್‌ಲಿಯವರ ಛಾಯಾಗ್ರಹಣ, ಸಲೀಲ್ ಚೌಧುರಿಯವರ ಸಂಗೀತ, ಹೃಷಿಕೇಶ ಮುಖರ್ಜಿಯವರ ಸಂಕಲನ, ಮನ್ನಾ ಡೇಯವರ ಕಂಠ. ಮಲಯಾಳದ ಅಭಿಮಾನವಾದ ಈ ಚಿತ್ರಕ್ಕೆ ದುಡಿದ ಎಷ್ಟೋ ಮಂದಿಯ ಮನೆಮಾತು ಮಲಯಾಳವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ನಮ್ಮಂಥವರಿಗೆ ಅದು ಸಣ್ಣ ಸಮಾಧಾನ.

ಆದರೆ ಕಥೆಯ ಬೀಜ ಇರುವುದು ಕಡಲಮ್ಮನಲ್ಲಿ ಅಲ್ಲ, ದೋಣಿ ಮತ್ತು ಬಲೆಯಲ್ಲಿ. ಚೆಂಬನ್‌ಕುಂಞಿಗೆ ಸ್ವಂತ ದೋಣಿ ಬೇಕು, ಬಲೆ ಬೇಕು, ಕೈಯಲ್ಲಿ ಹಣವಿಲ್ಲ. ಹಣ ಕೊಡುವವನು ಮೀನಿನ ವ್ಯಾಪಾರಿ ಪರೀಕುಟ್ಟಿ. ಹಿಡಿದ ಮೀನನ್ನು ತನಗೇ ಮಾರಬೇಕು ಎಂಬ ಮಾತಿನ ಮೇಲೆ ಕೊಡುತ್ತಾನೆ. ಇದು ವ್ಯಾಪಾರದ ಮಾತು. ಅದರ ಒಳಗಿನ ಮಾತು ಬೇರೆ, ಕೇಳಿದವಳು ಕರುತ್ತಮ್ಮ, ಅವಳಿಗೆ ಇಲ್ಲವೆನ್ನಲು ಅವನಿಂದ ಆಗದು. ದೋಣಿ ಬಂದ ಮೇಲೆ ಚೆಂಬನ್‌ಕುಂಞಿ ಬೇರೆ ಮನುಷ್ಯನಾಗುತ್ತಾನೆ. ಮೀನು ಪರೀಕುಟ್ಟಿಗೆ ಸಿಗುವುದಿಲ್ಲ, ಹಣವೂ ಬರುವುದಿಲ್ಲ, ವ್ಯಾಪಾರ ಮುಳುಗುತ್ತದೆ. ಮಗಳನ್ನು ಅನಾಥನಾದ ಪಳನಿಗೆ ಕೊಟ್ಟು ಅಪ್ಪ ಕೈತೊಳೆದುಕೊಳ್ಳುತ್ತಾನೆ.

ಇಲ್ಲಿ ಗಮನಿಸಬೇಕಾದ್ದೇನೆಂದರೆ, ಚೆಂಬನ್‌ಕುಂಞಿ ಖಳನಾಯಕನಲ್ಲ. ಕೊಟ್ಟಾರಕ್ಕರ ಶ್ರೀಧರನ್ ನಾಯರ್ ಆ ಪಾತ್ರವನ್ನು ಮಾಡಿದ ರೀತಿ ನೋಡಿ. ಆತ ಬಡತನ ಕಂಡವನು, ಜೀವಮಾನವಿಡೀ ಬೇರೆಯವರ ದೋಣಿಯಲ್ಲಿ ದುಡಿದವನು. ಅವನ ಆಸೆ ನಮಗೆಲ್ಲ ಅರ್ಥವಾಗುವ ಆಸೆ. ಹಣ ಬಂದಾಗ ಕೊಟ್ಟವನ ಮುಖ ನೋಡುವುದು ಕಷ್ಟವಾಗುತ್ತದೆ, ಆದ್ದರಿಂದ ಅವನನ್ನು ತಪ್ಪಿಸಿಕೊಂಡು ತಿರುಗುತ್ತಾನೆ. ಬ್ಯಾಂಕಿನ ಕೌಂಟರಿನ ಈಚೆ ಕೂತವರಿಗೆ ಈ ಮನುಷ್ಯನ ಪರಿಚಯ ಚೆನ್ನಾಗಿಯೇ ಇದೆ. ಸಾಲ ಪಡೆಯುವ ದಿನ ಗುಮಾಸ್ತರ ಮಕ್ಕಳ ಓದಿನವರೆಗೆ ವಿಚಾರಿಸಿದವರು, ಕಂತು ತಪ್ಪಿದ ಮೇಲೆ ಸಂತೆಯಲ್ಲಿ ಸಿಕ್ಕಿದರೂ ತರಕಾರಿ ಆರಿಸುವುದರಲ್ಲಿ ಮುಳುಗಿಬಿಡುತ್ತಾರೆ. ಅವರು ಕೆಟ್ಟವರಲ್ಲ. ಬಾಕಿ ಮನುಷ್ಯನಿಗೆ ಮಾಡುವುದೇ ಹಾಗೆ.

ಆ ಸಾಲಕ್ಕೆ ಅಡವಾದವಳು ಕರುತ್ತಮ್ಮ. ಷೀಲಾ ಅವರ ಅಭಿನಯದಲ್ಲಿ ನನಗೆ ಬಹಳ ಹಿಡಿಸುವುದು ಪ್ರೇಮದ ದೃಶ್ಯಗಳಲ್ಲ. ತಮ್ಮ ಮನೆಯ ದೋಣಿ ಯಾರ ಹಣದ್ದು ಎಂಬುದನ್ನು ಮರೆಯಲಾರದೆ ಅವಳು ಒಳಗೊಳಗೆ ಕುಗ್ಗುವುದಿದೆಯಲ್ಲ, ಅದು. ಹಣ ಅಪ್ಪನ ಕೈಗೆ ಹೋಯಿತು, ಋಣ ಮಗಳ ತಲೆಗೆ ಬಂತು. ಮದುವೆಯಾಗಿ ಬೇರೆ ಕಡಲತೀರಕ್ಕೆ ಹೋದರೂ ಅದು ಅವಳ ಹಿಂದೆಯೇ ಹೋಗುತ್ತದೆ. ಕೊನೆಗೆ ದಡಕ್ಕೆ ಬಂದು ಬೀಳುವ ದೇಹಗಳನ್ನು ನೋಡುವಾಗ, ಕಡಲಮ್ಮ ಶಿಕ್ಷಿಸಿದಳು ಎಂದು ಊರಿನವರು ಹೇಳಬಹುದು. ನೋಡುತ್ತಿರುವ ನಮಗೆ ಗೊತ್ತು, ಮೊದಲು ಮಾತು ತಪ್ಪಿದವನು ಮನೆಯ ಯಜಮಾನ. ಅವಳಿಗೆ ಸಲ್ಲಬೇಕಾದದ್ದೇನು ಎಂದು ಇಡೀ ಚಿತ್ರದಲ್ಲಿ ಒಬ್ಬರೂ ಕೇಳುವುದಿಲ್ಲ. ಆ ಪ್ರಶ್ನೆ ಅರುವತ್ತು ವರ್ಷದಿಂದ ಹಾಗೇ ಇದೆ.

ಕನ್ನಡದಲ್ಲಿ ಇದಕ್ಕೆ ಜೋಡಿಯಾಗಿ ನಾನು ಇಡುವುದು 'ಕಸ್ತೂರಿ ನಿವಾಸ'ವನ್ನು. ದೊರೈ-ಭಗವಾನ್ ನಿರ್ದೇಶನದ ಈ ಚಿತ್ರ 1971ರದ್ದು. ಜಿ. ಬಾಲಸುಬ್ರಹ್ಮಣ್ಯಂ ಅವರ ಕಥೆ, ಜಿ.ಕೆ. ವೆಂಕಟೇಶ್ ಅವರ ಸಂಗೀತ. 1974ರಲ್ಲಿ ಸಂಜೀವ್ ಕುಮಾರ್ ಇದನ್ನು ಹಿಂದಿಯಲ್ಲಿ ಮಾಡಿದರು, 1975ರಲ್ಲಿ ಶಿವಾಜಿ ಗಣೇಶನ್ ತಮಿಳಿನಲ್ಲಿ ಮಾಡಿದರು. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮ ಕೊಡುವುದನ್ನೇ ಬದುಕು ಮಾಡಿಕೊಂಡವನು. ಅವನಲ್ಲಿ ಕೆಲಸಕ್ಕಿದ್ದ ಚಂದ್ರು ಬೇರೆಯಾಗಿ ಬೆಳೆಯುತ್ತಾನೆ. ತಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ನೀಲ ಚಂದ್ರುವಿನವಳು ಎಂದು ತಿಳಿದಾಗ ರವಿವರ್ಮ ಅದನ್ನೂ ಬಿಟ್ಟುಕೊಡುತ್ತಾನೆ. ಕಾರ್ಖಾನೆ ಹೋಗುತ್ತದೆ, ಮನೆ ಹೋಗುತ್ತದೆ. ಕೊನೆಗೆ ಉಳಿಯುವುದು ಒಂದು ಪಾರಿವಾಳ.

ಪಾರಿವಾಳದ ಪ್ರಸಂಗ ಗೊತ್ತಿಲ್ಲದ ಕನ್ನಡ ಮನೆ ಇರಲಾರದು. ನೀಲ ಅವನ ಮನೆಗೆ ಬರುತ್ತಾಳೆ. ಬಂದವಳಿಗೆ ಊಟ ಹಾಕದೆ ಕಳಿಸುವವನಲ್ಲ ಅವನು, ಮನೆಯಲ್ಲಿ ಮಾತ್ರ ಏನೂ ಇಲ್ಲ. ಪಾರಿವಾಳವನ್ನು ಮಾರಿ ಊಟ ಒದಗಿಸುತ್ತಾನೆ. ಉಂಡಾದ ಮೇಲೆ ಅವಳು ಬಾಯಿಬಿಟ್ಟು ಕೇಳುತ್ತಾಳೆ: ಮಗುವಿಗೆ ಆ ಪಾರಿವಾಳ ಬೇಕಿತ್ತು. ಜೀವಮಾನದಲ್ಲಿ ಇಲ್ಲ ಎಂದು ಹೇಳಿ ಗೊತ್ತಿಲ್ಲದವನ ಮುಂದೆ ಬರುವ ಈ ಒಂದು ಗಳಿಗೆಗಾಗಿಯೇ ಇಡೀ ಚಿತ್ರ ಕಟ್ಟಿದಂತಿದೆ. ರಾಜ್‌ಕುಮಾರ್ ಅಲ್ಲಿ ಮಾಡುವುದು ಬಹಳ ಕಡಿಮೆ. ಇನ್ನೊಬ್ಬ ನಟನಾದರೆ ಎದೆ ಬಡಿದುಕೊಳ್ಳುತ್ತಿದ್ದ.

ಬೊಕ್ಕಾಚಿಯೋ ಹದಿನಾಲ್ಕನೆಯ ಶತಮಾನದಲ್ಲಿ ಇಟಲಿಯಲ್ಲಿ ಬರೆದ 'ಡೆಕಾಮೆರಾನ್'ನಲ್ಲಿ ಇಂಥದೇ ಒಂದು ಕಥೆಯಿದೆ. ಬಡವನಾದ ಫೆದರಿಗೋ, ತಾನು ಪ್ರೀತಿಸಿದ ಹೆಂಗಸು ಊಟಕ್ಕೆ ಬಂದಾಗ ಬೇರೇನೂ ಇಲ್ಲದೆ ತನ್ನ ಸಾಕು ಗಿಡುಗವನ್ನೇ ಕೊಂದು ಬಡಿಸುತ್ತಾನೆ, ಅವಳು ಬಂದದ್ದು ಕಾಯಿಲೆಯ ಮಗನಿಗಾಗಿ ಅದೇ ಗಿಡುಗವನ್ನು ಕೇಳಲು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠವಾಗಿ ಇದನ್ನು ಓದಿದ ದಿನ ನಾವು ಹುಡುಗಿಯರು 'ಇದು ನಮ್ಮ ಕಸ್ತೂರಿ ನಿವಾಸ ಅಲ್ಲವಾ' ಎಂದು ಗುಸುಗುಸು ಮಾಡಿದ್ದೆವು. ಆದರೆ ಇಟಲಿಯ ಕಥೆಯಲ್ಲಿ ಮಗ ತೀರಿಕೊಂಡ ಮೇಲೆ ಆ ಹೆಂಗಸು ಫೆದರಿಗೋನನ್ನೇ ಮದುವೆಯಾಗುತ್ತಾಳೆ. ಕೊಟ್ಟದ್ದಕ್ಕೆ ಪ್ರತಿಫಲ ಬಂತು, ಲೆಕ್ಕ ಸರಿಹೋಯಿತು. ಕನ್ನಡದ ರವಿವರ್ಮನಿಗೆ ಹಾಗಾಗುವುದಿಲ್ಲ. ಅವನು ಸಾಯುತ್ತಾನೆ, ಪಡೆದವರು ಉಳಿಯುತ್ತಾರೆ. ಬೊಕ್ಕಾಚಿಯೋನ ಕಥೆಯನ್ನು ಓದಿ ಮೆಚ್ಚಿ ಪುಸ್ತಕ ಮಡಚಿಡಬಹುದು. 'ಕಸ್ತೂರಿ ನಿವಾಸ'ವನ್ನು ಹಾಗೆ ಮಡಚಿಡಲು ಆಗುವುದಿಲ್ಲ.

ಚಂದ್ರುವನ್ನು ನಾವು ಚಿಕ್ಕಂದಿನಲ್ಲಿ ಶಪಿಸಿದ್ದೇವೆ. ಈಗ ನೋಡಿದರೆ ಅವನೂ ಖಳನಲ್ಲ. ಅವನಲ್ಲಿ ಬುದ್ಧಿಯಿದೆ, ದುಡಿಮೆಯಿದೆ, ಬೇರೆಯವರ ಕೈಕೆಳಗೆ ಇರಲು ಇಷ್ಟವಿಲ್ಲ, ಅಷ್ಟೆ. ನನ್ನ ಮಲಯಾಳಿ ಸಹೋದ್ಯೋಗಿ ಒಬ್ಬರು ಅವನ ಪರ ವಕಾಲತ್ತು ಮಾಡುತ್ತಾರೆ. 'ಚೇಚೀ, ಆತ ಕೇಳಿದ್ದು ತನ್ನ ಪಾಲು. ನಿಮ್ಮ ರವಿವರ್ಮ ದಾನ ಮಾಡುತ್ತಾನೆ, ಪಾಲು ಕೊಡುವುದಿಲ್ಲ. ದಾನ ತೆಗೆದುಕೊಂಡವನು ಜೀವಮಾನವಿಡೀ ತಲೆ ಬಗ್ಗಿಸಿರಬೇಕು' ಎನ್ನುತ್ತಾರೆ. ಕೇರಳದಲ್ಲಿ ಹುಟ್ಟಿ ಬೆಳೆದವರು ಹೀಗೆ ಹೇಳುವುದು ಸಹಜವೇ. ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ತಳ್ಳಿಹಾಕಲೂ ಆಗಿಲ್ಲ. ಎರಡು ಕಡೆಯಿಂದಲೂ ವಾದಿಸಬಹುದಾದ ಬಾಕಿಯೇ ದೀರ್ಘಾಯು.

2014ರಲ್ಲಿ ಈ ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಜನ ನೋಡಿದರು, ಸಂತೋಷ. ನನಗೇನೋ ಕಪ್ಪುಬಿಳುಪಿನದೇ ಸಾಕು, ಬಡವಾಗುತ್ತಾ ಹೋಗುವ ಮನೆಗೆ ಅಷ್ಟು ಬಣ್ಣ ಹೊಂದುವುದಿಲ್ಲ. ಬೀಳಿಸಿದರೂ ಮತ್ತೆ ನಿಲ್ಲುವ ಆ ಬೊಂಬೆ ಮಾತ್ರ ಎಲ್ಲಿಯವರೆಗೆ ನಡೆದು ಬಂತು ನೋಡಿ: 2017ರ 'ರಾಜಕುಮಾರ'ದಲ್ಲಿ ಪುನೀತ್ ರಾಜ್‌ಕುಮಾರ್ ಅದನ್ನು ನೆನೆದು ಒಂದು ಹಾಡಾಯಿತು, 2021ರ ಅಕ್ಟೋಬರದಲ್ಲಿ ಅವರು ತೀರಿಕೊಂಡಾಗ ಅದೇ ಹಾಡು ಎಲ್ಲೆಡೆ ಕೇಳಿಸಿತು. ನಮ್ಮ ಮನೆಯ ಮಕ್ಕಳಿಗೆ ಬೊಂಬೆ ಗೊತ್ತಾದದ್ದು ಹೀಗೆ ಹಿಂದುಮುಂದಾಗಿ, ಮಗನಿಂದ ಅಪ್ಪನ ಕಡೆಗೆ.

'ಬಂಗಾರದ ಮನುಷ್ಯ'ದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, 1972. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಪೇಟೆ ಬಿಟ್ಟು ಹಳ್ಳಿಗೆ ಮರಳಿದ ಯುವಕರ ಕಥೆಯನ್ನು ಈ ಚಿತ್ರದ ಜೊತೆಗೇ ಹೇಳುವುದುಂಟು. ಇರಬಹುದು. ಆದರೆ ಬೇಸಾಯ ಬಿಟ್ಟು ಮಕ್ಕಳನ್ನು ಬೆಂಗಳೂರಿಗೂ ಗಲ್ಫಿಗೂ ಕಳಿಸಿದ ನಮ್ಮ ಮನೆಗಳಲ್ಲೂ ಈ ಚಿತ್ರ ಉಳಿದಿದೆಯಲ್ಲ, ಅದಕ್ಕೆ ಬೇಸಾಯದ ಸಂದೇಶ ಕಾರಣವಾಗಿರಲಾರದು.

ಕಾರಣ ರಾಜೀವ ಉತ್ತರ ಕೊಡದೇ ಇರುವುದು. ಅಕ್ಕನ ಸಂಸಾರಕ್ಕಾಗಿ ದುಡಿದು, ಬಂಜರನ್ನು ಹೊಲ ಮಾಡಿ, ಹೆಂಡತಿಯನ್ನು ಕಳೆದುಕೊಂಡವನಿಗೆ, ಓದಿಸಿ ದೊಡ್ಡವನನ್ನಾಗಿ ಮಾಡಿದ ಅಳಿಯನೇ ಕಳಂಕ ಹಚ್ಚುತ್ತಾನೆ. ನಿಜ ಹೇಳಿದರೆ ಸತ್ತ ಭಾವನ ಮಾನ ಹೋಗುತ್ತದೆ. ಆದ್ದರಿಂದ ಅವನು ಹೇಳುವುದಿಲ್ಲ, ಎದ್ದು ಹೋಗುತ್ತಾನೆ. ನಿಜ ಗೊತ್ತಾದ ಮೇಲೆ ಹುಡುಕಿದರೂ ಅವನಿಲ್ಲ. ಕ್ಷಮೆ ಕೇಳಲು ಮನೆಮಂದಿ ಸಿದ್ಧ, ಕ್ಷಮಿಸಬೇಕಾದವನ ವಿಳಾಸ ಗೊತ್ತಿಲ್ಲ. ಇಂಥ ಸ್ಥಿತಿಯಲ್ಲಿ ಆ ಕುಟುಂಬವನ್ನು ಬಿಟ್ಟು ಚಿತ್ರ ಮುಗಿದುಬಿಡುತ್ತದೆ. 'ಒಂದು ಮಾತು ಆಡಬಾರದಿತ್ತಾ ಇವ' ಎಂದು ನಮ್ಮ ಅತ್ತೆ ಪ್ರತಿ ಸಲವೂ ಕೇಳುತ್ತಾರೆ. 'ಆಡಿದ್ದರೆ ಮತ್ತೆ ಇವ ಯಾರು?' ಎಂದು ನಾದಿನಿ ಪ್ರತಿ ಸಲವೂ ಹೇಳುತ್ತಾಳೆ. ಮೂವತ್ತು ವರ್ಷದ ಈ ಜಗಳ ಇನ್ನೂ ಮುಗಿದಿಲ್ಲ. ರಾಜೀವ ಕೊನೆಯ ದೃಶ್ಯದಲ್ಲಿ ಮರಳಿ ಬಂದು ಎಲ್ಲರನ್ನೂ ತಬ್ಬಿಕೊಂಡಿದ್ದರೆ ಅದು ಒಂದೇ ರಾತ್ರಿಯಲ್ಲಿ ಮುಗಿಯುತ್ತಿತ್ತು.

ಈ ರಾಜೀವ, ಈ ರವಿವರ್ಮ ಎರಡೂ ಆದ ರಾಜ್‌ಕುಮಾರ್ ಗಾಜನೂರಿನವರು. ಆ ಊರು ತಾಳವಾಡಿ ಸೀಮೆಯಲ್ಲಿದೆ, ಈಗ ತಮಿಳುನಾಡಿಗೆ ಸೇರಿದೆ. 2000ದ ಜುಲೈಯಲ್ಲಿ ವೀರಪ್ಪನ್ ಅವರನ್ನು ಅಪಹರಿಸಿದ್ದು ಅಲ್ಲಿಂದಲೇ. ಕನ್ನಡಕ್ಕೆಲ್ಲ ದೊಡ್ಡವರಾದವರು ನಕ್ಷೆಯ ಗೆರೆಯ ಪ್ರಕಾರ ನಮ್ಮ ಹಾಗೆ ಹೊರಗಿನವರು. ಇದನ್ನು ಹೇಳಿದರೆ ಬೆಂಗಳೂರಿನ ನೆಂಟರು ಒಂದು ಗಳಿಗೆ ಸುಮ್ಮನಾಗುತ್ತಾರೆ.

ಹಾಗಾದರೆ ಕಣ್ಣೀರಿನ ಕೊನೆ ಇದ್ದರೆ ಸಾಕೇ ಎಂದು ಯಾರಾದರೂ ಕೇಳಬಹುದು. ಸಾಲದು. ಕಣ್ಣೀರು ಸುರಿಸಿದ ಎಷ್ಟೋ ಚಿತ್ರಗಳು ಹೇಳಹೆಸರಿಲ್ಲದೆ ಹೋಗಿವೆ. ಅವುಗಳಲ್ಲಿ ಬಾಕಿಯ ಹೊರೆಯನ್ನು ಒಬ್ಬ ದುಷ್ಟನ ತಲೆಗೆ ಕಟ್ಟಿ, ಅವನಿಗೆ ಪೆಟ್ಟು ಕೊಟ್ಟು ಕೈತೊಳೆದಿರುತ್ತಾರೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಹಾಗಲ್ಲ. ಅಲ್ಲಿ ಬಾಕಿ ಇಟ್ಟವರು ಚಾಮಯ್ಯ ಮೇಷ್ಟ್ರು, ಶಿಷ್ಯನ ಮೇಲೆ ಪ್ರಾಣವನ್ನೇ ಇಟ್ಟವರು. ಗುರುವಿನ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಟ್ಟ, ಆ ಅಲಮೇಲು ಯಾವ ಸ್ಥಿತಿಯಲ್ಲಿ ಮತ್ತೆ ಅವನಿಗೆ ಸಿಕ್ಕಳು ಎಂಬುದನ್ನು ನೋಡಿದವರು ಮರೆಯಲಾರರು. ಕೊನೆಯಲ್ಲಿ ಬೆಟ್ಟದ ಮೇಲೆ ನಡೆಯುವ ಸಾವುಗಳು ನನಗೆ ಅಷ್ಟು ರುಚಿಸುವುದಿಲ್ಲ. ಲೆಕ್ಕ ಕೂಡಿಬಾರದಾಗ ಪುಟವನ್ನೇ ಹರಿದ ಹಾಗೆ. ಅಲಮೇಲುವಿನ ಲೆಕ್ಕ ಮಾತ್ರ ಆ ಪುಟದಲ್ಲಿ ಇರಲೇ ಇಲ್ಲ, ಹಾಗಾಗಿ ಉಳಿಯಿತು. ಇಲ್ಲಿ ಹೆಂಗಸಾಗಿ ಒಂದು ಮಾತು ಹೇಳಲೇಬೇಕು. ಕರುತ್ತಮ್ಮ, ಅಲಮೇಲು, ರಾಜೀವನ ಹೆಂಡತಿ ಲಕ್ಷ್ಮಿ: ಗಂಡಸರ ಕೊಡುಕೊಳ್ಳುವಿಕೆಯಲ್ಲಿ ನಿಜವಾಗಿ ಬೆಲೆ ತೆತ್ತವರು ಇವರು. ಆ ಚಿತ್ರ ಮಾಡಿದವರು ಅದನ್ನು ಎಷ್ಟು ಯೋಚಿಸಿದ್ದರೋ, ನೋಡುವ ಹೆಂಗಸರಂತೂ ಯೋಚಿಸುತ್ತಾರೆ.

ಸುಖಾಂತ್ಯದ ಚಿತ್ರವೊಂದು ನನ್ನ ವಾದಕ್ಕೆ ಅಡ್ಡ ಬರುತ್ತದೆ, ಫಾಸಿಲ್ ಅವರ 'ಮಣಿಚಿತ್ರತ್ತಾಳ್' (1993). ಗಂಗೆ ಗುಣಮುಖಳಾಗುತ್ತಾಳೆ, ಎಲ್ಲರೂ ನಗುತ್ತಾರೆ. ಆದರೂ ಮೂವತ್ತು ವರ್ಷ ಟಿ.ವಿ.ಯಲ್ಲಿ ಬಂದ ಚಿತ್ರವನ್ನು 2024ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಜನ ಚಿತ್ರಮಂದಿರಕ್ಕೆ ಹೋದರು. ಶೋಭನಾ, ಮೋಹನ್‌ಲಾಲ್ ಎಂದರೆ ಸಾಕಾಗುವುದಿಲ್ಲ. ಆ ಚಿಕಿತ್ಸೆ ಹೇಗೆ ನಡೆಯಿತು ನೆನಪು ಮಾಡಿಕೊಳ್ಳಿ. ತಂಜಾವೂರಿನಿಂದ ತಂದ ನರ್ತಕಿ ನಾಗವಲ್ಲಿಯನ್ನು ಕಾರಣವರು ಕೊಂದ. ಅವಳ ಸೇಡು ತೀರಿತೆಂದು ನಂಬಿಸಲು ಕತ್ತಿಯ ಕೆಳಗೆ ಒಂದು ಬೊಂಬೆಯನ್ನು ಇಟ್ಟರು. ಗಂಗೆಗೆ ಗುಣವಾಯಿತು. ನಾಗವಲ್ಲಿಗೆ ನ್ಯಾಯ ಸಿಕ್ಕಿತೇ? ಸಿಕ್ಕಿದ್ದು ಬೊಂಬೆ. ಪರಭಾಷೆಯ ಮನೆಯಲ್ಲಿ ಕೂಡಿಹಾಕಿದ ಹೆಂಗಸೊಬ್ಬಳು ತನ್ನ ಭಾಷೆಯಲ್ಲೇ ಸಿಟ್ಟು ಮಾಡುವುದನ್ನು ನಾವು ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ಕಿವಿಗೊಟ್ಟು ಕೇಳಿರಬಹುದು. ಕನ್ನಡದ 'ಆಪ್ತಮಿತ್ರ'ದಲ್ಲಿ (2004) ಆ ಭಾಷೆ ತೆಲುಗಾಯಿತು. ನನಗೆ ಮೂಲವೇ ಮೇಲು. ಆದರೆ ಚಿತ್ರ ತೆರೆಕಾಣುವ ಮೊದಲೇ ಅಪಘಾತದಲ್ಲಿ ತೀರಿಕೊಂಡ ಸೌಂದರ್ಯ ಅವರನ್ನು ಆ ಪಾತ್ರದಲ್ಲಿ ನೋಡುವಾಗ ಹೋಲಿಸುವ ಮನಸ್ಸು ಬರುವುದಿಲ್ಲ.

ಈಗ ನಮ್ಮ ಊರಿನ ಹೆಸರನ್ನೇ ಇಟ್ಟುಕೊಂಡು ಬಂದ ಚಿತ್ರಕ್ಕೆ ಬರುತ್ತೇನೆ. 2018ರಲ್ಲಿ ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು' ಬಂದಾಗ ನಾವೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಹೋಗಿ ನೋಡಿದೆವು, ನಕ್ಕೆವು, ಅತ್ತೆವು. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬರುವುದು ನಮಗೆ ಹೊಸ ಸುದ್ದಿಯಲ್ಲ; ತೆರೆಯ ಮೇಲೆ ಯಾರೋ ಅದನ್ನು ಹೇಳಿದ್ದು ಹೊಸದು. ಆ ಉಪಕಾರ ಸಣ್ಣದಲ್ಲ. ಹುಡುಗರ ಮಾತಿನ ಧಾಟಿ, ಶಾಲೆಯ ಜಗಲಿ, ಮಳೆಗಾಲದ ಹಸಿರು ಎಲ್ಲವೂ ನಮ್ಮದೇ.

ಆದರೂ ಕೇಳಬೇಕಾದ್ದನ್ನು ಕೇಳುತ್ತೇನೆ: ಮೂವತ್ತು ವರ್ಷದ ನಂತರ ಇದನ್ನು ಕೂತು ನೋಡುತ್ತಾರೆಯೇ? ನನಗೆ ಅನುಮಾನ. ಅನಂತ ನಾಗ್ ಅವರ ಪಾತ್ರ ಬಂದು, ನ್ಯಾಯಾಲಯದಲ್ಲಿ ಭಾಷಣ ಮಾಡಿ, ಶಾಲೆಯನ್ನು ಗೆದ್ದುಕೊಡುತ್ತದೆ. ನಮಗೆ ಬರಬೇಕಾಗಿದ್ದ ಬಾಕಿಯನ್ನು ಚಿತ್ರವೇ ಎಣಿಸಿ ಕೈಗೆ ಕೊಟ್ಟುಬಿಟ್ಟಿತು. ಹೊರಗೆ ಬಂದಾಗ ನಾವು ಹಗುರಾಗಿದ್ದೆವು. ಮರುದಿನ ಶಾಲೆಯಲ್ಲಿ ಏನೂ ಬದಲಾಗಿರಲಿಲ್ಲ. ಗೆಲ್ಲದೆ, ಆ ಮಕ್ಕಳಲ್ಲೊಬ್ಬ ಮಲಯಾಳ ಮಾಧ್ಯಮಕ್ಕೆ ಹೋಗಿ ಸೇರುವುದನ್ನು, ಅವನ ಅಪ್ಪ ಅಮ್ಮ ಅದಕ್ಕೆ ಕೊಡುವ ಕಾರಣಗಳನ್ನು ತೋರಿಸಿದ್ದರೆ? ಆಗ ಬಾಕಿ ಇಟ್ಟವರ ಪಟ್ಟಿಯಲ್ಲಿ ಸರಕಾರದ ಜೊತೆ ನಮ್ಮ ಹೆಸರೂ ಬರುತ್ತಿತ್ತು. ಅಂಥ ಚಿತ್ರ ಅಷ್ಟು ದಿನ ಓಡುತ್ತಿರಲಿಲ್ಲ ಎಂಬುದೂ ನಿಜ. ಆದರೆ 'ಚೆಮ್ಮೀನ್', 'ಕಸ್ತೂರಿ ನಿವಾಸ'ಗಳು ಮಾಡಿದ್ದು ಅದನ್ನೇ, ಓಡಿದವೂ ಓಡಿದವು.

ಇಷ್ಟು ಒತ್ತಿ ಹೇಳಲು ನನಗೆ ಕಾರಣವಿದೆ. ನನ್ನ ಮಗಳು ಕನ್ನಡ ಓದುವುದು ನಿಧಾನ, ಅವಳ ಗೆಳತಿಯರಲ್ಲಿ ಓದಲು ಬಾರದವರೂ ಇದ್ದಾರೆ. ಕಾದಂಬರಿ ಕೊಟ್ಟರೆ ಹತ್ತು ಪುಟಕ್ಕೆ ನಿಲ್ಲುತ್ತದೆ. ಇಂಥ ಮನೆಗಳಲ್ಲಿ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕೂತು ಎರಡೂವರೆ ಗಂಟೆ ಕನ್ನಡ ಕೇಳುವುದು ಈ ಚಿತ್ರಗಳ ಮುಂದೆ ಮಾತ್ರ. ಈಗ ಅದೂ ಫೋನಿನಲ್ಲಿ ಎರಡು ನಿಮಿಷದ ತುಣುಕಾಗಿದೆ. ಪಾರಿವಾಳದ ದೃಶ್ಯ ತುಣುಕಾಗಿ ಬರುತ್ತದೆ, ಮಕ್ಕಳು ನೋಡಿ 'ಪಾಪ' ಎನ್ನುತ್ತಾರ, ಬೆರಳು ಮುಂದಕ್ಕೆ ಹೋಗುತ್ತದೆ. ಅದರ ಹಿಂದಿನ ಎರಡು ಗಂಟೆಯ ಕೊಡುವಿಕೆಯನ್ನು ನೋಡದವರಿಗೆ ಆ ಎರಡು ನಿಮಿಷದಲ್ಲಿ ಏನು ಕಳೆಯಿತೆಂದು ಹೇಗೆ ಗೊತ್ತಾಗಬೇಕು?

ಮೊನ್ನೆ ಓಣಂ ರಜೆಯಲ್ಲಿ ಚಂದ್ರುವಿನ ವಕೀಲರಾದ ಆ ಸಹೋದ್ಯೋಗಿಯನ್ನು, ಅವರ ತಾಯಿಯನ್ನು ಮನೆಗೆ ಕರೆದು 'ಕಸ್ತೂರಿ ನಿವಾಸ' ಹಾಕಿದೆ. ಮಲಯಾಳದಲ್ಲಿ ಕೊಡುವುದಕ್ಕೆ ಎರಡು ಮಾತಿವೆ ಎಂಬುದು ಇಲ್ಲಿಯ ಓದುಗರಿಗೆ ಗೊತ್ತೇ ಇದೆ. ನನಗೋ ನಿನಗೋ ಕೊಡುವುದಾದರೆ 'ತರುಗ', ಮೂರನೆಯವರಿಗೆ ಕೊಡುವುದಾದರೆ 'ಕೊಡುಕ್ಕುಗ'. ಕನ್ನಡದಲ್ಲಿ ಎಲ್ಲದಕ್ಕೂ 'ಕೊಡು' ಒಂದೇ. ನಾನು ಸಾಲುಸಾಲಾಗಿ ಅನುವಾದ ಮಾಡುತ್ತಾ ಹೋದೆ, ರವಿವರ್ಮ ಕೊಡುವ ಪ್ರತಿ ಸಲವೂ ಯಾವ ಮಾತು ಹಾಕಬೇಕೆಂದು ತಡವರಿಸಿದೆ. ಚಂದ್ರು ಅವನಿಗೆ ನಮ್ಮವನೋ, ಮೂರನೆಯವನೋ? ಆ ತಾಯಿ ನನ್ನನ್ನು ತಿದ್ದುತ್ತಾ ಕೂತರು. ಎಲ್ಲ ಕಡೆಯೂ 'ತನ್ನು' ಎಂದೇ ಹೇಳಬೇಕು ಎಂದು ಅವರ ವಾದ. ಮಗ ಒಪ್ಪಲಿಲ್ಲ. ಚಹಾ ಆರಿತು, ವಾದ ನಿಲ್ಲಲಿಲ್ಲ, ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಅವರಿಬ್ಬರೂ ಎದ್ದು ಗೇಟಿನವರೆಗೆ ಅದನ್ನೇ ಮಾತಾಡುತ್ತಾ ಹೋದರು.